ಹಗ್ಗದ ಈ ತುದಿ

ಕನ್ನಡಕದ ಎಡಗಾಜಿನ ಮೇಲೆ, ಹಿಡಿತ ಜಾರದಿರಲೆಂದು ಅಂಗೈಗೆ ಬಳಿಯುವ ಚಾಕ್ ಪುಡಿ ಉದುರಿತು, ಒರೆಸಿಕೊಳ್ಳೋಣವೆಂದರೆ ಕೈ ಬಿಡುವಿಲ್ಲ, ಎರಡೂ ಕೈ ಹಗ್ಗದ ಮೇಲಿವೆ, ಹಗ್ಗದ ಆ ತುದಿಯಲ್ಲಿ ಅವನಿದ್ದಾನೆ — ಹತ್ತುವ ಆಟಕ್ಕೆಂದೇ ಕಟ್ಟಿದ ಗೋಡೆಯ ಮೇಲೆ, ಎರಡಾಳೆತ್ತರದಲ್ಲಿ, ಕೆಂಪು ಹಿಡಿಕೆಗೆ ಬಲಗೈ ಕೊಟ್ಟು ಎಡಗಾಲಿಗೆ ಜಾಗ ಹುಡುಕುತ್ತ — ಮುಂದಿನ ತಿಂಗಳು ಮದುವೆಯಾಗುವ ಮನುಷ್ಯ, ಎಷ್ಟು ಸಲೀಸಾಗಿ ಹತ್ತುತ್ತಿದ್ದಾನೆ ನೋಡು, ಹೇಳಿ ಹಗುರಾಗಿಬಿಟ್ಟ, ಹೊರೆ ಇಳಿಸಿದ್ದೆಲ್ಲಿ ಎಂದರೆ ಕೆಳಗೆ ನಿಂತವಳ ತಲೆಯ ಮೇಲೆ. ಈಗ ತಾನೇ, ಬೆಲ್ಟು ಬಿಗಿದುಕೊಂಡು ಹಗ್ಗದ ತುದಿಯನ್ನು ಸೊಂಟಕ್ಕೆ ಪೋಣಿಸಿಕೊಳ್ಳುತ್ತ, ತಲೆಯೆತ್ತದೆ, ಅಂಗಡಿಗೆ ಹೋಗಿ ಬರುತ್ತೇನೆ ಅನ್ನುವ ಹಾಗೆ ಅಂದ, ನಿಂಗೊಂದು ವಿಷ್ಯ ಹೇಳ್ಬೇಕಿತ್ತು ಕಣೇ, ನಾನು ಮದುವೆ ಆಗ್ಬೇಕು ಅಂತಿದ್ದೀನಿ. ಮತ್ತು ಅವಳು — ಇದನ್ನು ಸಾಯುವ ತನಕ ಯಾರಿಗೂ ಹೇಳಲಾರಳು — ಅವಳು ನಕ್ಕಳು, ಒಂದು ಉಸಿರಿನಷ್ಟು ಹೊತ್ತು ಅವಳಿಗನ್ನಿಸಿದ್ದು ತನ್ನನ್ನೇ ಕೇಳುತ್ತಿದ್ದಾನೆಂದು, ಐದು ವರ್ಷ ಮದುವೆ ಅಂದರೆ ಬರೀ ಕಾಗದ ಅಂದವನು ಕಡೆಗೂ ಸೋತು ಬಂದನೆಂದು, ಈ ಬೆವರುನಾತದ ಶೆಡ್ಡಿನಲ್ಲಿ, ಬೆರಳಿಗೆಲ್ಲ ಬಿಳಿ ಪುಡಿ ಮೆತ್ತಿಕೊಂಡು, ಅವನು ಕೇಳುವುದಿದ್ದರೆ ಹೀಗೇ ಅಲ್ಲವೇ ಎಂದು ಮುಖವೆಲ್ಲ ಅರಳಿಸಿಕೊಂಡು ನಿಂತಳು — ಯಾರನ್ನ ಅಂತ ಕೇಳಲ್ವಾ, ಅಂದ ಅವನು, ಈಗ ತಲೆಯೆತ್ತಿ. ಅರಳಿಸಿಕೊಂಡ ಮುಖವನ್ನು ವಾಪಸ್ಸು ಮಡಿಸಿಡುವುದು ಹೇಗೆಂದು ಅವಳಿಗೆ ಯಾರೂ ಕಲಿಸಿಲ್ಲ. ಯಾರನ್ನ, ಅಂದಳು. ನಿಂಗೆ ಗೊತ್ತಿಲ್ಲ, ನಮ್ಮತ್ತೆ ಕಡೆಯವರು, ಮೂರು ತಿಂಗಳಾಯ್ತು ಪರಿಚಯ ಆಗಿ, ಮುಂದಿನ ತಿಂಗಳು ಅಂತ ನಿಶ್ಚಯ ಆಗಿದೆ, ನೀನಂತೂ ಬರ್ಲೇಬೇಕು. ಆಯ್ತು, ಅಂದಳು. ಏನು ಆಯ್ತು, ಯಾರಿಗೆ ಆಯ್ತು. ಹತ್ತಲಾ ಅಂದ, ಹತ್ತು ಅಂದಳು, ಹತ್ತಿದ.

ಈ ಕೈಗಳಿಗೆ ಮಾನ ಮರ್ಯಾದೆ ಅನ್ನುವುದಿಲ್ಲ, ತಮ್ಮ ಪಾಡಿಗೆ ಕೆಲಸ ಮಾಡುತ್ತಲೇ ಇವೆ. ಅವನು ಏರಿದಷ್ಟೂ ಹಗ್ಗ ಸಡಿಲಾಗುತ್ತದೆ, ಎಡಗೈ ಸೆಳೆಯುತ್ತದೆ, ಬಲಗೈ ಸೊಂಟಕ್ಕೆ ಸಿಕ್ಕಿಸಿದ, ಹಗ್ಗ ತಡೆಯುವ ಬ್ರೇಕಿನೊಳಗಿಂದ ಜಗ್ಗಿ ಕೆಳಗೆ ಹಿಡಿಯುತ್ತದೆ, ಸೆಳೆ, ಜಗ್ಗು, ಸೆಳೆ, ಜಗ್ಗು — ಅವನ ಸೊಂಟದಿಂದ ಸೂರಿನ ರಾಟೆಗೆ, ರಾಟೆಯಿಂದ ಅವಳ ಸೊಂಟದ ಬ್ರೇಕಿಗೆ, ಒಂದೇ ಹಗ್ಗ, ಅವನು ಜಾರಿದರೆ ಅವಳ ಭಾರ ಅವನನ್ನು ಹಿಡಿದು ನಿಲ್ಲಿಸಬೇಕು, ತುದಿ ಮುಟ್ಟಿದ ಮೇಲೆ ಅವನು ಕುರ್ಚಿಯಲ್ಲಿ ಕೂತ ಹಾಗೆ ಹಗ್ಗದಲ್ಲಿ ಹಿಂದಕ್ಕೆ ಕೂರುತ್ತಾನೆ, ಎರಡೂ ಕೈ ಬಿಟ್ಟು, ಆಮೇಲೆ ಅವಳು ನಿಧಾನವಾಗಿ ನೆಲಕ್ಕಿಳಿಸಬೇಕು. ಅದಕ್ಕೇ ಅಲ್ಲವೇ ಇಲ್ಲಿ ಹೇಳಿದ್ದು, ಜಾಣ, ಕಾಫಿ ಅಂಗಡಿಯಲ್ಲಿ ಹೇಳಿದ್ದರೆ ಲೋಟ ತಳ್ಳಿ ಎದ್ದು ಹೋಗಬಹುದಿತ್ತು, ಫೋನಿನಲ್ಲಿ ಹೇಳಿದ್ದರೆ ಕಟ್ ಮಾಡಬಹುದಿತ್ತು, ಹಗ್ಗ ಹಿಡಿದವಳು ಎಲ್ಲಿಗೆ ಹೋಗುತ್ತಾಳೆ, ಅಳಲೂ ಆಗದು, ಕಣ್ಣು ಮಂಜಾದರೆ ಮೇಲಿದ್ದವನ ಗತಿ ಏನು. ವಿಮೆ ಕಂಪನಿಯವನು, ಯಾವ ಮನೆಗೆ ಬೆಂಕಿ ಬಿದ್ದೀತು ಯಾವ ಗೋದಾಮಿಗೆ ನೀರು ನುಗ್ಗೀತು ಎಂದು ಕೂತಲ್ಲೇ ಅಂದಾಜು ಮಾಡಿ ಸಂಬಳ ತಗೊಳ್ಳುವವನು, ಇವಳು ಎಲ್ಲಿ ಎಷ್ಟು ಉರಿದಾಳು ಎಂದು ಮೊದಲೇ ನೋಡಿಟ್ಟುಕೊಂಡಿರುತ್ತಾನೆ. ಹಲ್ಲಿ ಎಂದು ಕರೆಯುತ್ತಾರೆ ಅವನನ್ನು ಇಲ್ಲಿ ಎಲ್ಲರೂ, ಗೋಡೆ ಕಚ್ಚಿದನೆಂದರೆ ಬಿಡುವವನಲ್ಲ ಎಂದು. ಪಕ್ಕದ ಸಾಲಿನ ದಪ್ಪ ಮೀಸೆಯವನು ಹಲ್ಲಿ ಇವತ್ತು ಒಳ್ಳೇ ಮೂಡಲ್ಲಿದ್ದಾನೆ ಅನ್ನುತ್ತಿದ್ದಾನೆ, ಹೌದು, ಒಳ್ಳೆಯ ಮೂಡು, ಯಾಕಿರಬಾರದು.

ಜೋಡಿ ಹುಡುಕುವ ಆ್ಯಪಿನಲ್ಲಿ ಅವನ ಫೋಟೋ ಕೆಳಗೂ ಇದೇ ಇತ್ತು, ಹವ್ಯಾಸ, ಗೋಡೆ ಹತ್ತುವುದು. ಅವಳು ಕನ್ನಡಕದಂಗಡಿಯ ಒಳಕೋಣೆಯಲ್ಲಿ ಕಣ್ಣು ಪರೀಕ್ಷೆ ಮಾಡುವವಳು, ದೀಪ ಆರಿಸಿದ ಕೋಣೆ, ದಿನವಿಡೀ ಅದೇ ಮಾತು, ಇದರಲ್ಲಿ ಚೆನ್ನಾಗಿ ಕಾಣತ್ತಾ, ಇದ್ರಲ್ಲಾ, ಮತ್ತೆ ಹಾಕ್ತೀನಿ ನೋಡಿ, ಮೊದಲನೇದಾ, ಎರಡನೇದಾ — ಊಟದ ಬಿಡುವಿನಲ್ಲಿ ಆ್ಯಪು ತೆರೆದರೆ ಅಲ್ಲೂ ಅದೇ ಆಟ, ಇವನಾ, ಇವನಾ, ನಾಯಿ ತಬ್ಬಿಕೊಂಡವನಾ, ಗಿಟಾರು ಹಿಡಿದವನಾ, ತಾನೇ ಬ್ರೆಡ್ಡು ಬೇಯಿಸುತ್ತೇನೆ ಎಂದು ಹಿಟ್ಟಿನ ಕೈ ತೋರಿಸಿದವನಾ, ಹವ್ಯಾಸವಿಲ್ಲದ ಗಂಡಸೇ ಆ ಆ್ಯಪಿನಲ್ಲಿಲ್ಲ, ಹಾಗಾದರೆ ಸಂಜೆಯಾದರೆ ಟೀವಿ ಮುಂದೆ ಕಾಲು ಚಾಚಿ ಆಕಳಿಸುವವರೆಲ್ಲ ಎಲ್ಲಿ ಹೋದರು. ಅವಳೇನು ಕಡಿಮೆ, ಅವಳೂ ಬರೆದಿದ್ದಳು, ಸಾಹಸ ಇಷ್ಟ — ಸಾಹಸವಂತೆ, ಬಲ್ಬು ಬದಲಾಯಿಸಲು ಏಣಿಯ ಎರಡನೇ ಮೆಟ್ಟಿಲಿಗೆ ಹೋದರೆ ಮಂಡಿ ನಡುಗುವವಳು. ಹಾಗಾದ್ರೆ ಶನಿವಾರ ಇಲ್ಲೇ ಸಿಗೋಣ ಅಂದ, ಬಂದಳು, ಸೂರಿನವರೆಗೆ ಎದ್ದು ನಿಂತ ಈ ಗೋಡೆ ನೋಡಿದಳು, ಬಣ್ಣಬಣ್ಣದ ಪ್ಲಾಸ್ಟಿಕ್ ಹಿಡಿಕೆಗಳು ಮಕ್ಕಳ ಆಟಿಕೆಯ ಹಾಗೆ ಅಂಟಿಕೊಂಡಿದ್ದವು, ಒಂದು ನಿಮಿಷ ಬಂದೆ ಎಂದು ಟಾಯ್ಲೆಟ್ಟಿಗೆ ಹೋಗಿ ನಲ್ಲಿ ಜೋರಾಗಿ ಬಿಟ್ಟು ವಾಂತಿ ಮಾಡಿದಳು, ಬಾಯಿ ತೊಳೆದು ನಗುತ್ತ ಬಂದು ಹತ್ತಿದಳು. ಭೇಷ್, ನಿಂಗೆ ಭಯ ಅನ್ನೋದೇ ಇಲ್ವಲ್ಲ, ಇದೇ ನಂಗಿಷ್ಟ ಆಗಿದ್ದು. ಅವತ್ತೇ ಹೇಳಬಹುದಿತ್ತು, ಇದೆ ಕಣೋ, ಹೊಟ್ಟೆ ತುಂಬ ಇದೆ ಎಂದು. ಹೇಳಲಿಲ್ಲ, ಮುಂದಿನ ಶನಿವಾರವೂ ವಾಂತಿ ಮಾಡಿದಳು, ಅದರ ಮುಂದಿನದಕ್ಕೂ, ಆಮೇಲೆ ವಾಂತಿ ನಿಂತಿತು, ಭಯ ನಿಲ್ಲಲಿಲ್ಲ, ಅದರ ಜೊತೆ ಸಂಸಾರ ಮಾಡುವುದನ್ನು ಕಲಿತಳು. ಐದು ವರ್ಷದಲ್ಲಿ ಅಂಗೈ ಚರ್ಮ ಗಂಡಸರ ಕೈಯ ಹಾಗಾಯಿತು, ಕಣ್ಣು ತೋರಿಸಲು ಬಂದ ಮುದುಕಿಯೊಬ್ಬಳು ರೆಪ್ಪೆ ಎತ್ತುವಾಗ ಮೆತ್ತಗೆ ತಾಯಿ ಅಂದಿದ್ದಳು.

ಅವನು ನಿನಗೇನಾಗಬೇಕು, ಅಮ್ಮ ಕೇಳುತ್ತಿದ್ದುದು ಇಷ್ಟೇ. ಬೈಗುಳ ಇಲ್ಲ, ಅಳು ಇಲ್ಲ, ಇವಳ ಮನೆಗೆ ಬಂದ ಪ್ರತಿ ಸಲ ಬಟ್ಟೆ ಮಡಿಸುತ್ತ, ಆ ಹಗ್ಗದ ಹುಡುಗ, ಅವನು ನಿನಗೇನಾಗಬೇಕು — ಅಕ್ಕನ ಗಂಡ ಭಾವ, ಅಪ್ಪನ ತಂಗಿ ಅತ್ತೆ, ತಮ್ಮನ ಹೆಂಡತಿಯ ತಮ್ಮನಿಗೂ ಏನೋ ಒಂದು ಕರೆಯುತ್ತೇವೆ, ವಾರಕ್ಕೆರಡು ದಿನ ಇವಳ ಹಾಸಿಗೆಯಲ್ಲಿ ಮಲಗಿ ಹೋಗುವವನಿಗೆ ಮಾತ್ರ ಕರೆಯಲು ಏನೂ ಇಲ್ಲ. ಏನೂ ಆಗ್ಬೇಕಾಗಿಲ್ಲ ಅಮ್ಮ, ಈಗೆಲ್ಲ ಹಾಗೇ, ಹೆಸರಿಟ್ಟ ತಕ್ಷಣ ಎಲ್ಲ ಹಾಳಾಗತ್ತೆ. ಇದು ಅವನ ಮಾತು, ಚಾಚೂ ತಪ್ಪದೆ ಅವನದು, ಅವಳ ಬಾಯಲ್ಲಿ ಕೂತುಬಿಟ್ಟಿತ್ತು. ಮದುವೆ ಆದೋರನ್ನ ನೋಡು, ಅನ್ನುತ್ತಿದ್ದ ಅವನು, ದಿಂಬಿಗೆ ಮೊಣಕೈ ಊರಿ, ಯಾರಾದ್ರೂ ಖುಷಿಯಾಗಿದಾರಾ, ಹತ್ತು ವರ್ಷದ ಪಾಲಿಸಿ ತಗೊಂಡೋರ ಹಾಗೆ ಕಂತು ಕಟ್ತಾ ಇರ್ತಾರೆ, ನಾವು ನೋಡು, ಪ್ರತಿ ಶನಿವಾರ ಬರೋದು ಬರ್ಬೇಕು ಅನ್ಸಿದ್ರಿಂದ. ಎಷ್ಟು ಚೆನ್ನಾಗಿ ಕೇಳಿಸುತ್ತಿತ್ತು, ಬರಬೇಕು ಅನ್ನಿಸಿದ್ದರಿಂದ. ಅಕ್ಕ ಒಂದು ದಿನ ಭಾವನ ಜೊತೆ ಜಗಳವಾಡಿಕೊಂಡು ಬಂದು ಅಡುಗೆಮನೆಯಲ್ಲಿ ಮೂಗೊರೆಸಿಕೊಳ್ಳುತ್ತ ಕೂತಿದ್ದಾಗ ಇವಳು ದೊಡ್ಡ ಪಂಡಿತೆಯ ಹಾಗೆ ಹೇಳಿದ್ದಳು, ನೋಡಕ್ಕ, ನಿನ್ನ ಹಾಗೆ ಕಟ್ಟಿ ಹಾಕ್ಕೊಂಡಿಲ್ಲ ನಾನು, ನಮ್ಮಿಬ್ಬರಿಗೂ ಬಾಗಿಲು ತೆಗೆದೇ ಇರತ್ತೆ. ಅಕ್ಕ ಮೂಗೊರೆಸಿಕೊಂಡು, ಬಾಗಿಲು ತೆಗ್ದೇ ಇದ್ರೆ ಚಳಿ ಆಗಲ್ವೇನೇ ನಿಂಗೆ, ಅಂದಳು, ಸಂಜೆಗೆ ಭಾವ ಬಂದು ಅವಳ ಚೀಲ ಎತ್ತಿಕೊಂಡ, ಇಬ್ಬರೂ ಮಾತಾಡದೆ ಸ್ಕೂಟರು ಹತ್ತಿ ಹೋದರು, ಹಿಂದೆ ಕೂತ ಅಕ್ಕ ಅವನ ಅಂಗಿಯ ಚುಂಗು ಹಿಡಿದಿದ್ದಳು. ಹಗ್ಗದ ಹುಡುಗನ ಮನೆಯಲ್ಲಿ ಇವಳಿಗೆ ಒಂದು ಡ್ರಾಯರು ಇತ್ತು. ಮೇಲಿನದು ಅವನ ಸಾಕ್ಸು, ಕೆಳಗಿನದು ಇವಳದು. ಎರಡು ತಿಂಗಳ ಹಿಂದೆ, ಮನೆ ಪೇಂಟ್ ಮಾಡಿಸ್ತಾ ಇದ್ದೀನಿ, ನಿನ್ನವು ತಗೊಂಡು ಹೋಗ್ತೀಯಾ ಅಂದ, ತಗೊಂಡು ಬಂದಳು, ಬಣ್ಣ ಯಾವುದು ಎಂದು ಕೇಳಿದಳು, ಮೂರ್ಖಳ ಹಾಗೆ ತಿಳಿನೀಲಿ ಚೆನ್ನಾಗಿರುತ್ತೆ ಎಂದು ಸಲಹೆ ಬೇರೆ ಕೊಟ್ಟಳು. ತಿಳಿನೀಲಿಯೇ ಹೊಡೆಸಿರುತ್ತಾನೆ.

ಮದುವೆಯಾಗುವವಳಿಗೆ ಎತ್ತರ ಅಂದ್ರೆ ಭಯವಂತೆ. ಅದನ್ನೂ ಹೇಳಿದ, ಹತ್ತಲು ಕಾಲಿಡುವ ಮೊದಲು, ಬಾಯಿ ತುಂಬ ನಗುತ್ತ, ಅವಳಿಗೆ ಇದೆಲ್ಲ ಆಗಲ್ಲಪ್ಪ, ಸ್ಟೂಲ್ ಹತ್ತಿದ್ರೂ ಕಣ್ಣು ಮುಚ್ಕೋತಾಳೆ, ನಾನೇ ಕೈ ಹಿಡ್ಕೊಂಡು ಇಳಿಸ್ಬೇಕು. ಆ ನಗು ಇವಳು ನೋಡಿರಲಿಲ್ಲ, ಐದು ವರ್ಷದಲ್ಲಿ ಒಂದು ಸಲವೂ ಇವಳ ಕಡೆ ಬೀಳದ ನಗು, ಏನು ಹವ್ಯಾಸ ಅವಳಿಗೆ ಎಂದು ಕೇಳಿದ್ದಕ್ಕೆ ಹವ್ಯಾಸಾನಾ, ಅಂಥದ್ದೇನಿಲ್ಲ, ಮನೇಲಿರ್ತಾಳೆ, ಟೀವಿ ನೋಡ್ತಾಳೆ ಅಂದ, ಅದನ್ನೂ ಅಷ್ಟೇ ಮುದ್ದಾಗಿ ಅಂದ. ಹಾಗಾದರೆ ಭಯಪಟ್ಟವಳಿಗೆ ಕೈ, ಭಯ ನುಂಗಿದವಳಿಗೆ ಹಗ್ಗ, ನಾನೂ ಸ್ಟೂಲಿನ ಮೇಲೆ ಕಣ್ಣು ಮುಚ್ಚಿಕೊಂಡು ನಿಂತಿದ್ದರೆ ಆಗುತ್ತಿತ್ತು ಅಲ್ಲವೇ, ಅಷ್ಟೇ ಸಾಕಿತ್ತು ಅಲ್ಲವೇ — ಸೆಳೆ, ಜಗ್ಗು. ಪಕ್ಕದಲ್ಲಿ ಯಂತ್ರದ ಹಗ್ಗ ಖಾಲಿ ನೇತಾಡುತ್ತಿದೆ, ಹೋದ ವರ್ಷ ಹಾಕಿಸಿದ್ದು, ಕೆಳಗೆ ಹಿಡಿಯಲು ಯಾರೂ ಇಲ್ಲದವರಿಗೆ, ಕೊಕ್ಕೆ ಸಿಕ್ಕಿಸಿಕೊಂಡು ಹತ್ತಿದರಾಯಿತು, ಬಿದ್ದರೆ ಮೇಲಿನ ಪೆಟ್ಟಿಗೆಯೇ ಹಿಡಿದು ನಿಧಾನವಾಗಿ ಇಳಿಸುತ್ತದೆ. ಕಿವಿಗೆ ಇಯರ್‌ಫೋನು ಸಿಕ್ಕಿಸಿಕೊಂಡು ಒಬ್ಬೊಬ್ಬರೇ ಬರುತ್ತಾರೆ ಈಗ, ಯಾರನ್ನೂ ಮಾತಾಡಿಸದೆ ಹತ್ತಿ ಇಳಿದು ಹೋಗುತ್ತಾರೆ. ಇದೇ ಸರಿ ಕಣೇ, ಯಾರ ಹಂಗೂ ಇಲ್ಲ, ಅಂದಿದ್ದ ಅವನು, ಆದರೂ ಪ್ರತಿ ಶನಿವಾರ ಇವಳಿಗೆ ಮೆಸೇಜು, ಬರ್ತಿದ್ದೀಯಲ್ಲ. ಯಂತ್ರವೂ ತಾನೂ ಒಂದೇ ಸಾಲಿನಲ್ಲಿ ನಿಂತಿದ್ದೇವೆ ಎಂದು ಹೊಳೆಯಲು ಇಷ್ಟು ದಿನ ಬೇಕಾಯಿತು.

ಅವನು ಮುಕ್ಕಾಲು ದಾರಿ ದಾಟಿದ್ದಾನೆ, ಹಳದಿ ಹಿಡಿಕೆಯ ಮೇಲೆ ಎರಡೂ ಕೈ, ಮೊಣಕಾಲ ಹತ್ತಿರ ಏನೋ ಅಲ್ಲಾಡುತ್ತಿದೆ, ಚಾಕ್ ಚೀಲದ ದಾರವಿರಬೇಕು, ಇಷ್ಟುದ್ದ ಇರುತ್ತದೆಯೇ ಅದು, ಕನ್ನಡಕವನ್ನು ಭುಜಕ್ಕೆ ಉಜ್ಜಿ ಪುಡಿ ಒರೆಸಿಕೊಂಡು ಮತ್ತೆ ನೋಡಿದಳು, ನೀಲಿ, ಹಗ್ಗದ್ದೇ ನೀಲಿ, ಹಗ್ಗದ ತುದಿ. ತುದಿ ಯಾಕೆ ಅಷ್ಟು ಕೆಳಗೆ ನೇತಾಡುತ್ತಿದೆ. ಎಂಟರ ಗಂಟು ಎರಡು ಸಲದ ಗಂಟು, ಮೊದಲು ಹಗ್ಗದಲ್ಲಿ ಅಂಕಿ ಎಂಟರ ಆಕಾರ ಮಾಡಬೇಕು, ಉಳಿದ ತುದಿಯನ್ನು ಸೊಂಟದ ಬೆಲ್ಟಿನೊಳಗೆ ತೂರಿಸಿ ತೆಗೆಯಬೇಕು, ಆಮೇಲೆ ಅದೇ ತುದಿಯನ್ನು ಬಂದ ದಾರಿಯಲ್ಲೇ ವಾಪಸ್ಸು ಓಡಿಸಬೇಕು, ಮಕ್ಕಳು ಅಕ್ಷರ ತಿದ್ದುವ ಹಾಗೆ, ತಿದ್ದಿ ಮುಗಿದರೆ ಗೇಣುದ್ದ ತುದಿ ಉಳಿಯುತ್ತದೆ, ಅಷ್ಟೇ. ಇದು ಗೇಣಲ್ಲ, ಕೈಯುದ್ದ. ಬೆಲ್ಟಿನೊಳಗೆ ತೂರಿಸಿದ, ಅಷ್ಟರಲ್ಲಿ ಮದುವೆ ಆಗ್ಬೇಕು ಅಂತಿದ್ದೀನಿ ಅಂದ, ತಲೆಯೆತ್ತಿದ, ಇವಳ ಅರಳಿದ ಮುಖ ನೋಡಿ ಅವನಿಗೂ ಮುಜುಗರವಾಗಿರಬೇಕು, ಕೈ ಅಲ್ಲೇ ನಿಂತಿತು, ಮತ್ತೆ ಕೆಳಗೆ ನೋಡಲೇ ಇಲ್ಲ. ಅವಳೂ ನೋಡಲಿಲ್ಲ. ಹತ್ತುವ ಮೊದಲು ಕೆಳಗಿನವರು ಮೇಲೆ ಹೋಗುವವರ ಗಂಟು ಮುಟ್ಟಿ ಜಗ್ಗಬೇಕು, ಮೊದಲ ದಿನವೇ ಕೋಚ್ ಹೇಳಿದ್ದು, ಗಂಡ ಹೆಂಡ್ತಿ ಆಗಿರ್ಲಿ, ಅಣ್ಣ ತಮ್ಮ ಆಗಿರ್ಲಿ, ಮುಟ್ಟದೆ ಕಳಿಸ್ಬೇಡಿ. ಐದು ವರ್ಷ ಮುಟ್ಟದೆ ಕಳಿಸಿರಲಿಲ್ಲ, ಇವತ್ತು ಅವನ ಸೊಂಟದ ಕಡೆ ಕೈ ಚಾಚುವುದೇ ಬೇಡವೆನಿಸಿತ್ತು, ಇನ್ನೊಬ್ಬಳದಾದ ಸೊಂಟ. ಹಾಗಾದರೆ ಆ ಗಂಟಿಗೆ ಭಾರ ತಡೆಯುವ ಶಕ್ತಿ ಏನೂ ಇಲ್ಲ, ಹತ್ತುವ ತನಕ ಪರವಾಗಿಲ್ಲ, ತುದಿ ಮುಟ್ಟಿ ಹಿಂದಕ್ಕೆ ಕೂತನೆಂದರೆ ಸುರುಳಿ ಬಿಚ್ಚಿಕೊಂಡು ಹಗ್ಗ ಬೆಲ್ಟಿನಿಂದ ಹೊರಗೆ ಜಾರುತ್ತದೆ, ಆಮೇಲೆ ಇವಳ ಕೈಯಲ್ಲಿ ಹಗ್ಗ ಮಾತ್ರ ಇರುತ್ತದೆ.

ಸುಮ್ಮನಿದ್ದಳು. ಅವನ ಎಡಗೈ ಹಳದಿ ಬಿಟ್ಟು ಬಿಳಿಗೆ ಹೋಯಿತು, ಸುಮ್ಮನಿದ್ದಳು, ಯಾರೂ ಏನೂ ಮಾಡಬೇಕಾಗಿರಲಿಲ್ಲ, ಕಟ್ಟಿಕೊಂಡವನು ಅವನು, ಮರೆತವನು ಅವನು, ಯಾರು ಕೇಳಿದರೂ ಅಷ್ಟೇ, ಮುಂದಿನ ತಿಂಗಳು ಯಾವ ಮದುವೆಯೂ ಇರುವುದಿಲ್ಲ, ಸ್ಟೂಲಿನ ಮೇಲೆ ಕಣ್ಣು ಮುಚ್ಚಿಕೊಂಡವಳು ತಾನೇ ಇಳಿಯುವುದನ್ನು ಕಲಿಯಲಿ — ಕಾಲು ಬಿಳಿಯ ಕೆಳಗಿನ ಹಿಡಿಕೆಗೆ ಬಂತು, ಇನ್ನೊಂದೇ ಉಳಿದದ್ದು, ತುದಿಯ ಕಪ್ಪು ಹಿಡಿಕೆ, ಅವನು ಅದನ್ನು ಅಂಗೈಯಿಂದ ಪಟ್ಟನೆ ಬಡಿಯುತ್ತಾನೆ, ಬಡಿದ ಮೇಲೆ ಕೆಳಗೆ ನೋಡುವುದೂ ಇಲ್ಲ, ನೇರ ಕೂರುವುದೇ — ಕೂರ್ಬೇಡ, ಎಂದು ಯಾರೋ ಕಿರುಚಿದರು, ಅವಳೇ, ಗಂಟಲು ಹರಿಯುವ ಹಾಗೆ, ಕೂರ್ಬೇಡ, ಗೋಡೆ ಹಿಡ್ಕೋ, ಗಂಟು ಪೂರ್ತಿ ಹಾಕಿಲ್ಲ ನೀನು. ಶೆಡ್ಡಿನೊಳಗೆ ಸ್ಪೀಕರಿನ ಹಾಡು ಮಾತ್ರ ಉಳಿಯಿತು, ಆಮೇಲೆ ಅದನ್ನೂ ಯಾರೋ ನಿಲ್ಲಿಸಿದರು. ಅವನು ಮೊದಲು ಸೊಂಟ ನೋಡಿಕೊಂಡ. ಆಮೇಲೆ ಗೋಡೆಗೆ ಅಂಟಿಕೊಂಡ ತೋಳಿನ ಕೆಳಗಿನಿಂದ ಮುಖ ಬಾಗಿಸಿ ಅವಳನ್ನು ನೋಡಿದ. ಕೋಚ್ ಓಡಿ ಬಂದು ಯಂತ್ರದ ಹಗ್ಗದ ಕೊಕ್ಕೆ ಸಿಕ್ಕಿಸಿಕೊಳ್ಳುತ್ತ ಹಗ್ಗ ಎಳೀಬೇಡಿ ಮೇಡಂ, ಎಳೆದ್ರೆ ಬಿಚ್ಕೊಳ್ಳತ್ತೆ, ಸಡಿಲ ಬಿಡಿ ಅಂದ, ಸಡಿಲ ಬಿಟ್ಟಳು, ಎಳೆದೂ ಎಳೆದೂ ರೂಢಿಯಾದ ಕೈಗಳನ್ನು ಹಿಡಿದಿಡುವುದೇ ಕಷ್ಟವಾಯಿತು. ಅವನ ಕಾಲು ಹೊಲಿಗೆ ಯಂತ್ರದ ಹಾಗೆ ಕುಣಿಯುತ್ತಿತ್ತು, ಹಲ್ಲಿ ಅಂತೆ, ಎಂಥ ಹಲ್ಲಿ, ಪಕ್ಕದಲ್ಲಿ ಕೋಚ್ ಹತ್ತಿ ಬರುತ್ತಿದ್ದರೂ ಆ ಕಡೆ ನೋಡಲಿಲ್ಲ, ಮೇಲೆ ನೋಡಲಿಲ್ಲ, ಇವಳನ್ನೇ ನೋಡುತ್ತಿದ್ದ, ಸಣ್ಣ ದನಿಯಲ್ಲಿ, ಆ ದನಿ ಅವನಿಗಿದೆಯೆಂದು ಅವಳಿಗೆ ಗೊತ್ತೇ ಇರಲಿಲ್ಲ, ಎಲ್ಲೂ ಹೋಗ್ಬೇಡ ನೀನು, ಅಂದ. ಇಲ್ಲೇ ಇದ್ದೀನಿ, ಅಂದಳು. ಹೋಗ್ಬೇಡ. ಇಲ್ಲ.

ಕೋಚ್ ಮೇಲೆ ತಲುಪಿ ತನ್ನ ಬೆಲ್ಟಿನ ಪಟ್ಟಿಯೊಂದನ್ನು ಅವನ ಬೆಲ್ಟಿಗೆ ಸಿಕ್ಕಿಸಿ, ಗಂಟು ತಾನೇ ತಿದ್ದಿ ಕಟ್ಟಿ, ಮುಟ್ಟಿ ಜಗ್ಗಿ, ಪಟ್ಟಿ ಬಿಚ್ಚಿಕೊಂಡು, ಈಗ ಇಳಿಸಿ ಮೇಡಂ ಅಂದ, ಅವನ ಪೂರ್ತಿ ಭಾರ ಹಗ್ಗದ ಮೇಲೆ ಬಂತು, ಪ್ರತಿ ಶನಿವಾರ ಬರುವಷ್ಟೇ ಭಾರ, ಇಳಿಸಿದಳು, ನಿಧಾನವಾಗಿ, ಮೆತ್ತನೆಯ ನೆಲ ಮುಟ್ಟಿದ ತಕ್ಷಣ ಅವನು ಕುಸಿದು ಕೂತ, ಯಾರೋ ನೀರು ಕೊಟ್ಟರು, ದಪ್ಪ ಮೀಸೆಯವನು ಬೆನ್ನು ಸವರಿದ, ನಿಮ್ಮಂಥೋರು ಕೆಳಗಿರ್ಬೇಕು ನೋಡಿ ಮೇಡಂ, ಅಂದ ಅವಳಿಗೆ. ಅವನು ಕುಡಿದು, ಬಾಯೊರೆಸಿಕೊಂಡು, ಬಣ್ಣ ತಿರುಗಿ ಬಂದ ಮೇಲೆ ನಕ್ಕ, ನೀನಿಲ್ದಿದ್ರೆ ಇವತ್ತು ನನ್ನ ಕಥೆ ಮುಗೀತಿತ್ತು ಕಣೇ, ಮದುವೆ ದಿನ ಎಲ್ಲರ ಮುಂದೆ ಹೇಳ್ತೀನಿ ನೋಡು, ಅವಳಿಗೂ ನಿನ್ನ ಪರಿಚಯ ಮಾಡಿಸ್ಬೇಕು — ಮದುವೆಯಾಗುವವಳದೇ ಫೋನು ಬಂತು, ಎದ್ದು ಆ ಕಡೆ ಹೋದ, ಏನಿಲ್ಲಮ್ಮ, ಏನೂ ಇಲ್ಲ, ಸ್ವಲ್ಪ ಲೇಟಾಗತ್ತೆ, ನೀನು ಊಟ ಮಾಡು. ಹಿಂದಿನ ಅವನೇ ಅದು, ಬೆನ್ನು, ದನಿ, ನಡಿಗೆ, ಎಲ್ಲ ಹಿಂದಿನದೇ. ಒಂದು ಹಿಡಿಕೆಯಷ್ಟು ಹೊತ್ತು ಇವಳು ಸುಮ್ಮನಿದ್ದದ್ದು ಯಾರಿಗೂ ಗೊತ್ತಿಲ್ಲ, ಗೊತ್ತಾಗುವುದೂ ಇಲ್ಲ, ಅದಕ್ಕೆ ಅವಳಿಗೆ ನಾಚಿಕೆಯಾಗುತ್ತಿದೆ, ಆದರೆ ಅದಲ್ಲ, ಅದಕ್ಕಿಂತ ನಾಚಿಕೆಗೇಡು ಇನ್ನೊಂದಿದೆ — ಕಿರುಚಿ ಆದ ಮೇಲೆ, ಕೋಚ್ ಹತ್ತುತ್ತಿದ್ದಾಗ, ಬೇಗ ಹತ್ತಲಿ ಎಂದು ಎಲ್ಲರೂ ಉಸಿರು ಹಿಡಿದು ನಿಂತಿದ್ದಾಗ, ಅವಳಿಗೆ ಅನ್ನಿಸಿದ್ದು ನಿಧಾನಕ್ಕೆ ಹತ್ತಲಿ ಎಂದು, ಕಾಲು ಜಾರಿ ಒಂದು ಸಲ ಕೆಳಗೆ ಬಂದು ಮತ್ತೆ ಮೊದಲಿಂದ ಹತ್ತಲಿ ಎಂದು, ಇನ್ನೂ ಸ್ವಲ್ಪ ಹೊತ್ತು, ಇನ್ನೊಂದೇ ಸ್ವಲ್ಪ — ಬೆಲ್ಟು ಬಿಚ್ಚಬೇಕು, ಹಗ್ಗ ಸುತ್ತಿಡಬೇಕು, ಸೋಮವಾರ ಬೆಳಿಗ್ಗೆ ದೀಪ ಆರಿಸಿ ಯಾರದೋ ಕಣ್ಣಿಗೆ ಗಾಜು ಹಿಡಿದು ಮೊದಲನೇದಾ ಎರಡನೇದಾ ಎಂದು ಕೇಳಬೇಕು, ಕೇಳುತ್ತಾಳೆ, ಕತ್ತಲಲ್ಲಿ ಇದೇ ಇರುತ್ತದೆ — ತೋಳಿನ ಕೆಳಗಿನಿಂದ ಬಾಗಿದ ಮುಖ, ತುಟಿಯ ಮೇಲೆ ಬಿಳಿ ಪುಡಿ, ಬಾಯಿ ಅರ್ಧ ತೆರೆದಿದೆ, ಕಣ್ಣು ಮಿಟುಕಿಸುತ್ತಿಲ್ಲ, ಅವಳನ್ನು ನೋಡುತ್ತಿದೆ, ಅವಳೊಬ್ಬಳನ್ನೇ ನೋಡುತ್ತಿದೆ, ಆ ಮುಖ, ತೋಳಿನ ಕೆಳಗಿನಿಂದ, ಆ ಮುಖ